ತೋಳಿನ ಸೆನ್ಸರ್: ನಂಬುವುದು ಯಾವಾಗ, ಬೆರಳು ಚುಚ್ಚುವುದು ಯಾವಾಗ

(ಕುಮಟಾದಲ್ಲಿ ಸಕ್ಕರೆ ಕಾಯಿಲೆ ಇರುವವರು ಮತ್ತು ಅವರ ಮನೆಯವರ ಮುಂದೆ ವೈದ್ಯೆಯೊಬ್ಬರು ಆಡಿದ ಮಾತುಗಳ ಬರಹ ರೂಪ)

ತೋಳಿಗೆ ಸಕ್ಕರೆ ಅಳೆಯುವ ಸೆನ್ಸರ್ ಹಾಕಿಸಿಕೊಂಡ ಮೊದಲ ದಿನ ಬಹಳ ಜನ ಮಾಡುವುದು ಒಂದೇ ಕೆಲಸ. ಊಟ ಮುಗಿಸಿ, ಹಳೇ ಗ್ಲುಕೋಮೀಟರ್ ತೆಗೆದು, ಬೆರಳು ಚುಚ್ಚಿ, ಎರಡನ್ನೂ ಹೋಲಿಸಿ ನೋಡುತ್ತಾರೆ. ಫೋನಿನಲ್ಲಿ 118 ಇರುತ್ತದೆ, ಮೀಟರಿನಲ್ಲಿ 142. ತಕ್ಷಣ ನನಗೆ ಫೋನ್. "ಡಾಕ್ಟ್ರೇ, ಇಷ್ಟು ದುಡ್ಡು ಕೊಟ್ಟು ಹಾಕಿಸಿದ್ದು ತಪ್ಪು ತೋರಿಸ್ತಾ ಇದೆಯಲ್ಲ?"

ತಪ್ಪು ತೋರಿಸುತ್ತಿಲ್ಲ. ಎರಡೂ ಬೇರೆ ಬೇರೆ ಜಾಗದ ಸಕ್ಕರೆಯನ್ನು ಅಳೆಯುತ್ತಿವೆ. ಇವತ್ತು ನಾನು ಹೇಳಬೇಕೆಂದಿರುವ ಹೆಚ್ಚಿನ ಮಾತು ಹುಟ್ಟುವುದು ಇದೊಂದು ಸಂಗತಿಯಿಂದ. ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಸೆನ್ಸರ್ ಅಂದರೆ ದುಂಡನೆಯ ಸಣ್ಣ ಬಿಲ್ಲೆ. ಅದರ ತಳದಿಂದ ತೆಳ್ಳಗಿನ, ಬಾಗುವ ಒಂದು ಎಳೆ ಚರ್ಮದ ಒಳಗೆ ಹೋಗಿರುತ್ತದೆ. ತೋಳಿಗೆ ಹಾಕುವ ಸೆನ್ಸರ್‌ಗಳಲ್ಲಿ ಅದರ ಉದ್ದ ಸುಮಾರು 5 ಮಿಲಿಮೀಟರ್. ಸೂಜಿ ಒಳಗೇ ಉಳಿಯುತ್ತದೆ ಅಂತ ಬಹಳ ಜನ ಹೆದರುತ್ತಾರೆ. ಇಲ್ಲ, ಎಳೆಯನ್ನು ಒಳಗೆ ಸೇರಿಸಿ ಸೂಜಿ ಹೊರಗೆ ಬಂದುಬಿಡುತ್ತದೆ. ಎಳೆಯ ಮೇಲೆ ಗ್ಲುಕೋಸ್ ಆಕ್ಸಿಡೇಸ್ ಎಂಬ ಕಿಣ್ವದ ಲೇಪ ಇರುತ್ತದೆ. ಸಕ್ಕರೆ ಅದಕ್ಕೆ ತಾಗಿದಾಗ ತೀರಾ ಸಣ್ಣ ಪ್ರಮಾಣದ ವಿದ್ಯುತ್ ಹುಟ್ಟುತ್ತದೆ. ಸಕ್ಕರೆ ಜಾಸ್ತಿ ಇದ್ದಷ್ಟೂ ವಿದ್ಯುತ್ ಜಾಸ್ತಿ. ಅದನ್ನೇ ಲೆಕ್ಕ ಹಾಕಿ ಫೋನು ನಿಮಗೆ ಒಂದು ಸಂಖ್ಯೆ ತೋರಿಸುತ್ತದೆ. ಈ ಕಿಣ್ವದ ಉಪಾಯ 1962ರಷ್ಟು ಹಳೆಯದು, ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮುಂದಿಟ್ಟದ್ದು. ಆದರೆ ಮೈಮೇಲೆ ಹಾಕಿಕೊಂಡು ತಿರುಗಬಹುದಾದ ಮೊದಲ ಸೆನ್ಸರ್‌ಗೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 1999ರಲ್ಲಿ. ಅದೂ ಸುಮಾರು ಮೂರು ದಿನದ ಮಟ್ಟಿಗೆ. ಅದರ ಸಂಖ್ಯೆಗಳನ್ನು ಆಮೇಲೆ ಡಾಕ್ಟರು ನೋಡುತ್ತಿದ್ದರೇ ಹೊರತು ಹಾಕಿಕೊಂಡವರಿಗೆ ಆಗಿಂದಾಗ ಕಾಣುತ್ತಿರಲಿಲ್ಲ.

ಈಗ ಮುಖ್ಯ ವಿಷಯ. ಆ ಎಳೆ ರಕ್ತನಾಳದಲ್ಲಿ ಇಲ್ಲ. ಚರ್ಮದ ಕೆಳಗೆ, ಜೀವಕೋಶಗಳ ನಡುವೆ ಇರುವ ನೀರಿನಂಥ ದ್ರವದಲ್ಲಿದೆ. ನೀವು ತಿಂದ ಅನ್ನದ ಸಕ್ಕರೆ ಮೊದಲು ರಕ್ತಕ್ಕೆ ಬರುತ್ತದೆ. ಅಲ್ಲಿಂದ ಸೋರಿ ಈ ದ್ರವಕ್ಕೆ ಬರಲು ಸಮಯ ಬೇಕು, ಸಾಮಾನ್ಯವಾಗಿ 5ರಿಂದ 15 ನಿಮಿಷ. ಅಘನಾಶಿನಿ ದಡದವರಿಗೆ ಇದನ್ನು ವಿವರಿಸುವುದು ಸುಲಭ. ಹೊಳೆ ದಡದ ಗಜನಿ ಗದ್ದೆ ನೋಡಿದ್ದೀರಲ್ಲ? ಭರತ, ಅಂದರೆ ಸಮುದ್ರದ ಉಬ್ಬರ, ಬಂದಾಗ ಮೊದಲು ಹೊಳೆಯಲ್ಲಿ ನೀರು ಏರುತ್ತದೆ. ಗಜನಿಗೆ ಆ ನೀರು ಬರುವುದು ಸ್ವಲ್ಪ ಹೊತ್ತಿನ ಮೇಲೆ. ಇಳಿತದಲ್ಲೂ ಹಾಗೇ. ಹೊಳೆ ಇಳಿದಿರುತ್ತದೆ, ಗಜನಿಯಲ್ಲಿ ಇನ್ನೂ ನೀರು ನಿಂತಿರುತ್ತದೆ. ಬೆರಳು ಚುಚ್ಚಿದಾಗ ನೀವು ಹೊಳೆ ನೋಡುತ್ತೀರಿ, ಸೆನ್ಸರ್‌ನಲ್ಲಿ ಗಜನಿ ನೋಡುತ್ತೀರಿ. ನೀರು ಏರದೆ ಇಳಿಯದೆ ನಿಂತಾಗ ಎರಡೂ ಒಂದೇ ಮಟ್ಟ.

ಈಗ ಆ 118 ಮತ್ತು 142ಕ್ಕೆ ಬರೋಣ. ಸಂಖ್ಯೆಯ ಪಕ್ಕದಲ್ಲಿ ಒಂದು ಬಾಣ ಇರುತ್ತದೆ. ನಮ್ಮಲ್ಲಿ ಹೆಚ್ಚು ಜನ ಹಾಕಿಸಿಕೊಳ್ಳುವ ಲಿಬ್ರೆಯಂಥ ಸೆನ್ಸರ್‌ನಲ್ಲಿ ಬಾಣ ಅಡ್ಡ ಇದ್ದರೆ ಸಕ್ಕರೆ ಹೆಚ್ಚುಕಡಿಮೆ ನಿಂತಿದೆ ಅಂತ ಅರ್ಥ, ಅಂದರೆ ನಿಮಿಷಕ್ಕೆ 1 ಮಿಲಿಗ್ರಾಂಗಿಂತ ಕಡಿಮೆ ಬದಲಾವಣೆ. ಓರೆ ಇದ್ದರೆ ನಿಮಿಷಕ್ಕೆ 1ರಿಂದ 2. ನೇರ ಮೇಲಕ್ಕೆ ಇದ್ದರೆ ನಿಮಿಷಕ್ಕೆ 2ಕ್ಕಿಂತ ಜಾಸ್ತಿ ಏರುತ್ತಿದೆ. ಊಟವಾಗಿ ಅರ್ಧ ಗಂಟೆ ಆಗಿದೆ, 118ರ ಪಕ್ಕದ ಬಾಣ ನೇರ ಮೇಲಕ್ಕಿದೆ ಅಂದುಕೊಳ್ಳಿ. ಸೆನ್ಸರ್ 10 ನಿಮಿಷ ಹಿಂದಿದ್ದರೆ, ಅಷ್ಟರಲ್ಲಿ ರಕ್ತದ ಸಕ್ಕರೆ 20ಕ್ಕಿಂತ ಜಾಸ್ತಿ ಏರಿರುತ್ತದೆ. ಅಲ್ಲಿಗೆ 140ರ ಹತ್ತಿರ ಬಂದಹಾಗೆ ಆಯ್ತಲ್ವಾ? ಅದರ ಮೇಲೆ ಗ್ಲುಕೋಮೀಟರ್ ಕೂಡ ಪಕ್ಕಾ ಲ್ಯಾಬ್ ಅಲ್ಲ. ಅಂತರರಾಷ್ಟ್ರೀಯ ಮಾನದಂಡವೇ 100ರ ಮೇಲಿನ ಸಂಖ್ಯೆಗೆ ಮೀಟರ್ ನೂರಕ್ಕೆ 15ರಷ್ಟು ಆಚೀಚೆ ಹೋಗಬಹುದು ಎಂದು ಒಪ್ಪುತ್ತದೆ.

ಹಾಗಾಗಿ ಹೋಲಿಸಿ ನೋಡಲೇಬೇಕು ಅನಿಸಿದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬಾಣ ಅಡ್ಡ ಇರುವಾಗ ನೋಡಿ. ಅದೂ ಎರಡನೇ ದಿನದಿಂದ. ಹಾಕಿದ ಮೊದಲ 24 ಗಂಟೆ ಎಳೆಯ ಸುತ್ತ ಚರ್ಮಕ್ಕೆ ಸಣ್ಣ ಗಾಯ ಆಗಿರುತ್ತದೆ, ಆಗಿನ ಸಂಖ್ಯೆ ಮೇಲೆ ಕೆಳಗೆ ಆಡುವುದು ಜಾಸ್ತಿ. ಚುಚ್ಚುವ ಮುನ್ನ ಕೈ ತೊಳೆದು ಪೂರ್ತಿ ಒರೆಸಿಕೊಳ್ಳಿ. ಅಂಕೋಲೆಯ ಕರಿ ಇಶಾಡು ಮಾವಿಗೆ 2023ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂತು, ಸಂತೋಷ. ಆದರೆ ಅದನ್ನು ಹೆಚ್ಚಿದ ಕೈಯಲ್ಲೇ ಬೆರಳು ಚುಚ್ಚಿದರೆ ಮೀಟರ್ ಅಳೆಯುವುದು ಮಾವಿನ ಸಕ್ಕರೆಯನ್ನೂ ಸೇರಿಸಿ.

ಸಕ್ಕರೆ ಏರುವಾಗ ಸೆನ್ಸರ್ ಹತ್ತು ನಿಮಿಷ ತಡವಾದರೆ ದೊಡ್ಡ ನಷ್ಟ ಇಲ್ಲ. ಇಳಿಯುವಾಗ ತಡವಾದರೆ ಅಪಾಯ ಇದೆ. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮಿಪಿರೈಡ್ ಥರದ ಮಾತ್ರೆ ನುಂಗುವವರು ಇದನ್ನು ಗಮನ ಇಟ್ಟು ಕೇಳಿ. ಫೋನಿನಲ್ಲಿ 82 ಇದೆ, ಬಾಣ ನೇರ ಕೆಳಕ್ಕಿದೆ. ನಿಮಗೆ ಮೈ ಬೆವರುತ್ತಿದೆ, ಕೈ ನಡುಗುತ್ತಿದೆ, ಎದೆ ಡವಡವ ಅನ್ನುತ್ತಿದೆ. "82 ಇದೆಯಲ್ಲ, ಏನಾಗಲ್ಲ" ಅಂತ ಸುಮ್ನೆ ಕೂರಬೇಡಿ. ರಕ್ತದಲ್ಲಿ ಅದು ಆಗಲೇ 60ರ ಹತ್ತಿರ ಇರಬಹುದು. ಮೈ ಒಂದು ಹೇಳಿ ಫೋನು ಇನ್ನೊಂದು ಹೇಳಿದರೆ ಬೆರಳು ಚುಚ್ಚಬೇಕು. ಚುಚ್ಚಲು ಮೀಟರ್ ಹತ್ತಿರ ಇಲ್ಲದಿದ್ದರೆ ಮೈ ಹೇಳಿದ್ದನ್ನೇ ನಂಬಿ, ಸಿಹಿ ತಗೊಳ್ಳಿ.

ಎಷ್ಟು ಸಿಹಿ? 15 ಗ್ರಾಂ. ಮೂರು ಚಹಾ ಚಮಚ ಗ್ಲುಕೋಸ್ ಪುಡಿ ಅಥವಾ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಹೋಳಿಗೆ, ಚಾಕಲೇಟು ಈ ಹೊತ್ತಿಗೆ ಬೇಡ, ತುಪ್ಪ ಕೊಬ್ಬು ಇದ್ದದ್ದು ನಿಧಾನಕ್ಕೆ ಕರಗುತ್ತದೆ. ಇಲ್ಲೊಂದು ಮಾತು, ಇದು ಎಷ್ಟೋ ಮನೆಯಲ್ಲಿ ಗೊತ್ತಿರುವುದಿಲ್ಲ. ನಿಮ್ಮ ಮಾತ್ರೆಯ ಹಾಳೆ ತಿರುಗಿಸಿ ನೋಡಿ, ಅದರಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಅಂತ ಇದ್ದರೆ ಅಡುಗೆಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ. ಸಕ್ಕರೆಯನ್ನು ಒಡೆಯುವ ಕೆಲಸವನ್ನೇ ಆ ಔಷಧ ತಡೆಯುತ್ತದೆ. ನೀವು ಗ್ಲುಕೋಸ್ ಪುಡಿಯನ್ನೇ ಇಟ್ಟುಕೊಳ್ಳಬೇಕು.

ಸಿಹಿ ತಗೊಂಡ ಮೇಲೆ 15 ನಿಮಿಷ ಕಾಯಬೇಕು. ಕಷ್ಟ ಇರುವುದೇ ಇಲ್ಲಿ. ರಕ್ತದಲ್ಲಿ ಸಕ್ಕರೆ ಏರಲು ಶುರುವಾಗಿರುತ್ತದೆ, ಆದರೆ ಸೆನ್ಸರ್ ಇನ್ನೂ 58, 55 ಅಂತ ಇಳಿಯುತ್ತಲೇ ಇರುತ್ತದೆ. ಮನೆಯವರಿಗೆ ಜೀವ ಬಾಯಿಗೆ ಬರುತ್ತದೆ. ಇನ್ನೊಂದು ಲೋಟ ಪಾನಕ, ಎರಡು ಬಾಳೆಹಣ್ಣು, ಬಿಸ್ಕತ್ತು. ಒಂದು ಗಂಟೆ ಬಿಟ್ಟು ನೋಡಿದರೆ 280. ಈ 280 ನೋಡಿ ಮತ್ತೆ ಇನ್ಸುಲಿನ್. ಇದನ್ನು ತಪ್ಪಿಸುವ ದಾರಿ ಸುಲಭ. ಸಿಹಿ ಕೊಟ್ಟ ಮೇಲೆ 15 ನಿಮಿಷಕ್ಕೆ ಬೆರಳು ಚುಚ್ಚಿ ನೋಡಿ. ಮೀಟರಿನಲ್ಲೂ 70ಕ್ಕಿಂತ ಕೆಳಗೆ ಇದ್ದರೆ ಮಾತ್ರ ಇನ್ನೊಮ್ಮೆ 15 ಗ್ರಾಂ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ, ಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ.

ಊಟದ ನಂತರ ಏರಿದ ಗೆರೆ ನೋಡಿ ಪದೇ ಪದೇ ಇನ್ಸುಲಿನ್ ಹಾಕಿಕೊಳ್ಳುವವರಿಗೂ ಇದೇ ಮಾತು. ಮೊದಲು ವಾರಕ್ಕೊಮ್ಮೆ ನೋಡುತ್ತಿದ್ದಿರಿ, ಈಗ ಐದು ನಿಮಿಷಕ್ಕೊಮ್ಮೆ ನೋಡುತ್ತೀರಿ. 210 ಕಂಡ ಕೂಡಲೇ ಕೈ ಇನ್ಸುಲಿನ್ ಪೆನ್ನಿಗೆ ಹೋಗುತ್ತದೆ. ಊಟಕ್ಕೆ ಮೊದಲು ಹಾಕಿದ ವೇಗದ ಇನ್ಸುಲಿನ್ ನಾಲ್ಕು ಗಂಟೆಯವರೆಗೂ ಕೆಲಸ ಮಾಡುತ್ತಿರುತ್ತದೆ. ಅದರ ಮೇಲೆ ಇನ್ನೊಂದು, ಮತ್ತೊಂದು ಹಾಕಿದರೆ ಎಲ್ಲ ಸೇರಿ ನಡುರಾತ್ರಿ ಕೆಳಗೆ ಎಳೆಯುತ್ತವೆ. ನಿಮ್ಮ ಡಾಕ್ಟರು ಬರೆದುಕೊಟ್ಟ ಲೆಕ್ಕ ಇಲ್ಲದೆ ಹೆಚ್ಚುವರಿ ಡೋಸ್ ಬೇಡ.

ನಡುರಾತ್ರಿ ಅಂದಾಗ ನೆನಪಾಯಿತು. ಮಗ ಬೆಂಗಳೂರಿನಲ್ಲಿ ಇರುತ್ತಾನೆ, ಆಯಿಯ ಸೆನ್ಸರ್ ಅವನ ಫೋನಿಗೂ ಜೋಡಿಸಿರುತ್ತಾನೆ. ರಾತ್ರಿ ಎರಡು ಗಂಟೆಗೆ ಅಲ್ಲಿ ಅಲಾರಂ ಹೊಡೆಯುತ್ತದೆ, 52 ಅಂತ. ಅವನು ಗಾಬರಿಯಾಗಿ ಪಕ್ಕದ ಮನೆಯವರನ್ನು ಎಬ್ಬಿಸುತ್ತಾನೆ. ಹೋಗಿ ನೋಡಿದರೆ ಆಯಿ ಸೆನ್ಸರ್ ಇರುವ ಮಗ್ಗುಲಿಗೇ ಮಲಗಿ ನಿದ್ದೆ ಮಾಡುತ್ತಿರುತ್ತಾರೆ. ಭಾರ ಬಿದ್ದ ಜಾಗದಲ್ಲಿ ರಕ್ತ ಓಡಾಟ ಕಡಿಮೆಯಾಗಿ ಸೆನ್ಸರ್ ಸುಳ್ಳೇ ಕಡಿಮೆ ತೋರಿಸುತ್ತದೆ. ಏಳಿಸಿ ಕೂರಿಸಿದರೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಸರಿಹೋಗುತ್ತದೆ. ಹಾಗಂತ "ಮಗ್ಗುಲಾಗಿ ಮಲಗಿದ್ದಕ್ಕೇ ಇರಬೇಕು" ಅಂತ ಅಲಾರಂ ನಿಲ್ಲಿಸಿ ಮತ್ತೆ ಮಲಗುವುದು ತಪ್ಪು. ಪ್ರತಿ ಸಲವೂ ಎಬ್ಬಿಸಿ ಬೆರಳು ಚುಚ್ಚಿ. ನಿಜವಾದ ಲೋ, ಅಂದರೆ ಸಕ್ಕರೆ ತೀರಾ ಇಳಿಯುವುದು, ಬರುವುದೂ ಇದೇ ಹೊತ್ತಿನಲ್ಲಿ. ಯಾವ ಮಗ್ಗುಲಿಗೆ ಮಲಗುವ ಅಭ್ಯಾಸವೋ ಅದರ ಎದುರು ತೋಳಿಗೆ ಸೆನ್ಸರ್ ಹಾಕಿಸಿಕೊಂಡರೆ ಅರ್ಧ ಗಲಾಟೆ ಮೊದಲೇ ತಪ್ಪುತ್ತದೆ.

ಅಲಾರಂ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ಸೆನ್ಸರ್ ಸರಿ ಇದ್ದು ಫೋನು ಕೈಕೊಡುವುದು ಇದೆ. ಶಿರಸಿ, ಸಿದ್ದಾಪುರ, ಜೋಯಿಡಾ ಕಡೆಯವರು ನೆಟ್‌ವರ್ಕ್ ಇಲ್ಲದಿದ್ದರೆ ಇದು ಕೆಲಸ ಮಾಡುತ್ತದಾ ಅಂತ ಕೇಳುತ್ತಾರೆ. ಸೆನ್ಸರ್‌ನಿಂದ ನಿಮ್ಮ ಫೋನಿಗೆ ಮಾಹಿತಿ ಬರುವುದು ಬ್ಲೂಟೂತ್‌ನಲ್ಲಿ, ಅದಕ್ಕೆ ನೆಟ್‌ವರ್ಕ್ ಬೇಡ. ನಿಮ್ಮ ಫೋನಿನಿಂದ ಬೆಂಗಳೂರಿನ ಮಗನಿಗೆ ಹೋಗಲು ಬೇಕು. ಹಾಗಾಗಿ ಟವರ್ ಸಿಗದ ಮನೆಯಲ್ಲಿ ಮಗನೊಬ್ಬನನ್ನೇ ನಂಬಿ ಕೂರಬೇಡಿ, ಮನೆಯಲ್ಲಿ ಇರುವ ಒಬ್ಬರಿಗೆ ಅಲಾರಂ ಕೇಳಿಸಬೇಕು. ಫೋನು ದೇವರ ಕೋಣೆಯಲ್ಲಿ ಚಾರ್ಜಿಗೆ ಹಾಕಿ ನೀವು ತೋಟಕ್ಕೆ ಹೋದರೆ ಬ್ಲೂಟೂತ್ ತಲುಪುವುದಿಲ್ಲ. ಸೈಲೆಂಟ್ ಮಾಡಿದ್ದರೆ, ಬ್ಯಾಟರಿ ಉಳಿಸುವ ಸೆಟ್ಟಿಂಗ್ ಆ ಆ್ಯಪನ್ನು ನಿಲ್ಲಿಸಿಬಿಟ್ಟಿದ್ದರೆ ಅಲಾರಂ ಬರುವುದಿಲ್ಲ. ಫೋನಿನ ಸಾಫ್ಟ್‌ವೇರ್ ಹೊಸದಾದಾಗ ಈ ಸೆಟ್ಟಿಂಗ್‌ಗಳು ಬದಲಾಗುವುದೂ ಉಂಟು. ಔಷಧ, ವೈದ್ಯಕೀಯ ಉಪಕರಣಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ 2025ರಲ್ಲಿ ಇದರ ಬಗ್ಗೆಯೇ ಎಚ್ಚರಿಕೆ ಕೊಟ್ಟಿದೆ. ಹಳೆಯ ಮಾದರಿಗಳಲ್ಲಿ ಅಲಾರಂ ಇರುವುದೇ ಇಲ್ಲ, ನೀವೇ ರೀಡರನ್ನೋ ಫೋನನ್ನೋ ಹತ್ತಿರ ಹಿಡಿಯಬೇಕು. ಆ ಸೆನ್ಸರ್‌ಗಳ ನೆನಪಿನಲ್ಲಿ ಉಳಿಯುವುದು 8 ಗಂಟೆಯ ಲೆಕ್ಕ ಮಾತ್ರ. ಮಲಗುವಾಗ ಒಮ್ಮೆ, ಎದ್ದ ಕೂಡಲೇ ಒಮ್ಮೆ ಹಿಡಿಯದಿದ್ದರೆ ರಾತ್ರಿಯ ಗೆರೆ ಹರಿದುಹೋಗುತ್ತದೆ.

ಇನ್ನು ಹಾಕಿಸಿಕೊಳ್ಳುವ ಬಗೆ. ತೋಳಿನ ಹಿಂಭಾಗ, ಮೆತ್ತಗಿರುವ ಜಾಗ. ಗಾಯದ ಕಲೆ, ಮಚ್ಚೆ, ಗಂಟು ಇರಬಾರದು. ಇನ್ಸುಲಿನ್ ಚುಚ್ಚುವ ಜಾಗದಿಂದ ಕನಿಷ್ಠ 2.5 ಸೆಂಟಿಮೀಟರ್ ದೂರ ಇರಲಿ. ಪ್ರತಿ ಸಲ ಜಾಗ ಬದಲಿಸಿ. ನಮ್ಮ ಕರಾವಳಿಯಲ್ಲಿ ಅಂಟು ಬಿಡುವುದೇ ದೊಡ್ಡ ತಲೆನೋವು. ಏಪ್ರಿಲ್, ಮೇ ತಿಂಗಳ ಬೆವರಿಗೆ ಬಿಲ್ಲೆಯ ಅಂಚು ಏಳುತ್ತದೆ. ಸ್ನಾನ ಮಾಡಿ, ಕೊಬ್ಬರಿ ಎಣ್ಣೆ ಹಚ್ಚಿ, ಪೌಡರ್ ಹಾಕಿಕೊಂಡು ಬಂದರೆ ಯಾವ ಅಂಟೂ ನಿಲ್ಲುವುದಿಲ್ಲ. ಅವತ್ತು ತೋಳಿಗೆ ಎಣ್ಣೆ ಬೇಡ. ಸ್ಪಿರಿಟ್ ಹತ್ತಿಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ, ಬಾಯಿಂದ ಊದಬೇಡಿ. ಹಾಕಿದ ಮೇಲೆ ಅಂಚನ್ನು ಬೆರಳಿನಿಂದ ಸುತ್ತಲೂ ಒತ್ತಿ. ಬೆಳಿಗ್ಗೆ ಹಾಕಿಸಿಕೊಳ್ಳಿ ಅನ್ನುವುದು ನನ್ನ ಸಲಹೆ. ಸಂಜೆ ಹಾಕಿಸಿಕೊಂಡರೆ ನಂಬಿಕೆ ಕಡಿಮೆ ಇರುವ ಮೊದಲ ಗಂಟೆಗಳು ಸರಿಯಾಗಿ ನಿದ್ದೆಯ ಹೊತ್ತಿಗೇ ಬರುತ್ತವೆ.

ಹೆಂಗಸರಿಗೆ ಒಂದು ಮಾತು. ಸೆನ್ಸರ್ ಕಿತ್ತು ಬರುವುದು ಹೆಚ್ಚಾಗಿ ಬ್ಲೌಸಿನ ತೋಳಿನಿಂದ. ಬಿಗಿ ತೋಳು ಸರಿಯಾಗಿ ಬಿಲ್ಲೆಯ ಅಂಚಿಗೇ ಬಂದು ಕೂರುತ್ತದೆ, ಕಳಚುವಾಗ ಅದನ್ನೂ ಎಳೆದುಕೊಂಡು ಬರುತ್ತದೆ. ತೋಳಿನ ಹೊಲಿಗೆ ಎಲ್ಲಿಗೆ ಬರುತ್ತದೆ ಅಂತ ನೋಡಿ, ಅದಕ್ಕಿಂತ ಮೇಲೆ ಅಥವಾ ಕೆಳಗೆ ಹಾಕಿಸಿಕೊಳ್ಳಿ. ಕಳಚುವಾಗ ಇನ್ನೊಂದು ಕೈಯಿಂದ ಬಿಲ್ಲೆಯನ್ನು ಮುಚ್ಚಿ ಹಿಡಿಯಿರಿ.

ಸ್ನಾನಕ್ಕೆ, ಮಳೆಗೆ ತೊಂದರೆ ಇಲ್ಲ. ಆದರೆ ಸಾಮಾನ್ಯ ಮಾದರಿಗಳು ತಾಳುವುದು 1 ಮೀಟರ್ ಆಳದಲ್ಲಿ 30 ನಿಮಿಷ. ಹೊಳೆಯಲ್ಲಿ ಗಂಟೆಗಟ್ಟಲೆ ನಿಂತು ಚಿಪ್ಪಿ ಆರಿಸುವವರು, ಬಲೆ ಎಳೆಯುವವರು ಇದನ್ನು ಮೊದಲೇ ಹೇಳಿ, ಬೇರೆ ಮಾದರಿ ನೋಡಬಹುದು. ಹೊಸ ಸೆನ್ಸರಿನ ಪೆಟ್ಟಿಗೆಯನ್ನು ಸ್ಕೂಟರಿನ ಡಿಕ್ಕಿಯಲ್ಲಿ ಇಡಬೇಡಿ. ಅದರ ಮೇಲೆ ಎಷ್ಟು ಉಷ್ಣತೆಯಲ್ಲಿ ಇಡಬೇಕು ಅಂತ ಬರೆದಿರುತ್ತದೆ, ನಮ್ಮ ಬೇಸಿಗೆಯ ಡಿಕ್ಕಿ ಅದನ್ನು ಸುಲಭವಾಗಿ ಮೀರುತ್ತದೆ. ಎತ್ತರದ ಕೆಲಸದವರ ಬಗ್ಗೆ ನನಗೆ ವಿಶೇಷ ಕಾಳಜಿ. ಅಡಿಕೆ ಮರ ಹತ್ತುವ ಕೊನೆಗೌಡರಲ್ಲೂ ಈಗ ಶುಗರ್ ಇದೆ. ಮರ ಹತ್ತುವ ಮೊದಲು, ಬೈಕ್ ಹತ್ತುವ ಮೊದಲು ಒಮ್ಮೆ ನೋಡಿ. 90ಕ್ಕಿಂತ ಕೆಳಗಿದ್ದು ಬಾಣವೂ ಕೆಳಮುಖವಾಗಿದ್ದರೆ ಮೊದಲು ಏನಾದರೂ ತಿನ್ನಿ, ಆಮೇಲೆ ಹತ್ತಿ.

ಕೆಲವು ಔಷಧಗಳು ಸೆನ್ಸರ್‌ನ ಲೆಕ್ಕ ತಪ್ಪಿಸುತ್ತವೆ. ನಮ್ಮಲ್ಲಿ ಮುಖ್ಯವಾಗಿ ವಿಟಮಿನ್ ಸಿ. ನೆಗಡಿ ಬಂತು ಅಂತ ಅಂಗಡಿಯಿಂದ ತಂದು ಚೀಪುವ ಕಿತ್ತಳೆ ಬಣ್ಣದ ಮಾತ್ರೆಯಲ್ಲಿ 500 ಮಿಲಿಗ್ರಾಂ ಇರುತ್ತದೆ. ದಿನಕ್ಕೆ ಅದಕ್ಕಿಂತ ಜಾಸ್ತಿ ಆದರೆ ಲಿಬ್ರೆಯ ಹಲವು ಮಾದರಿಗಳು ಇರುವುದಕ್ಕಿಂತ ಹೆಚ್ಚು ಸಕ್ಕರೆ ತೋರಿಸಬಹುದು. ಅಂದರೆ ನಿಜವಾದ ಲೋ ಅಡಗಿಹೋಗುತ್ತದೆ. ದಿನಾ ನೆಲ್ಲಿಕಾಯಿ ರಸ ಕುಡಿಯುವವರೂ ಇದನ್ನು ಡಾಕ್ಟರಿಗೆ ಹೇಳಬೇಕು, ನೆಲ್ಲಿಯಲ್ಲಿ ವಿಟಮಿನ್ ಸಿ ಬಹಳ. ಡೆಕ್ಸ್‌ಕಾಮ್ ಸೆನ್ಸರ್ ಇರುವವರು ಹೈಡ್ರಾಕ್ಸಿಯೂರಿಯಾ ಎಂಬ ಔಷಧ ತೆಗೆದುಕೊಳ್ಳುತ್ತಿದ್ದರೆ ಆ ಸಂಖ್ಯೆ ನಂಬುವಂತಿಲ್ಲ. ಅದೇ ಸೆನ್ಸರಿನ ಹಳೆಯ ಮಾದರಿಗಳಿಗೆ ಪ್ಯಾರಾಸಿಟಮಾಲ್ ಕೂಡ ತೊಂದರೆ ಕೊಡುತ್ತಿತ್ತು. ಮಾದರಿಯಿಂದ ಮಾದರಿಗೆ ಇದು ಬೇರೆ, ಪೆಟ್ಟಿಗೆಯೊಳಗಿನ ಚೀಟಿಯನ್ನು ಮನೆಯಲ್ಲಿ ಓದು ಬಲ್ಲವರಿಂದ ಓದಿಸಿ. ವಾಂತಿ ಭೇದಿಯಾಗಿ ಮೈಯ ನೀರು ಬತ್ತಿದಾಗಲೂ ಬೆರಳು ಚುಚ್ಚಿಯೇ ನೋಡಬೇಕು.

ಎಂಆರ್‌ಐ, ಸಿಟಿ ಸ್ಕ್ಯಾನ್‌ಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಹೋಗುವಾಗ ತೋಳಿನಲ್ಲಿ ಸೆನ್ಸರ್ ಇದೆ ಅಂತ ಮೊದಲೇ ಹೇಳಿ. ಕೆಲವು ಮಾದರಿಗಳನ್ನು ತೆಗೆಯಬೇಕಾಗುತ್ತದೆ, ತೆಗೆದದ್ದನ್ನು ಮತ್ತೆ ಹಾಕಲು ಬರುವುದಿಲ್ಲ. ಸ್ಕ್ಯಾನ್ ದಿನ ಗೊತ್ತಿದ್ದರೆ ಹೊಸದನ್ನು ಅದರ ಮರುದಿನ ಹಾಕಿಸಿ, ದುಡ್ಡು ಉಳಿಯುತ್ತದೆ. ಅಂಟು ಇದ್ದ ಜಾಗ ಕೆಂಪಾಗಿ ತುರಿಸಿದರೆ, ನೀರುಗುಳ್ಳೆ ಎದ್ದರೆ ತೆಗೆದು ತೋರಿಸಿ. ಸೂಜಿ ಇರುವ ಹಾಕುವ ಸಾಧನವನ್ನು ಕಸದ ಬುಟ್ಟಿಗೆ ಹಾಗೇ ಎಸೆಯಬೇಡಿ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಿ ಆಸ್ಪತ್ರೆಗೆ ತಂದುಕೊಡಿ. ಕಸ ಎತ್ತುವವರ ಕೈಗೆ ಅದು ಚುಚ್ಚಬಾರದು.

ಚರ್ಮಕ್ಕೆ ಏನೂ ಚುಚ್ಚದೆ ಸಕ್ಕರೆ ಹೇಳುವ ವಾಚು, ಉಂಗುರ ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತದಲ್ಲ ಅಂತ ಒಬ್ಬರು ಚೀಟಿ ಬರೆದು ಕೇಳಿದ್ದಾರೆ. ದಯವಿಟ್ಟು ಕೊಳ್ಳಬೇಡಿ. ಅಂಥ ಯಾವ ವಾಚಿಗೂ ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಎಂದು ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತು. ಅದರ ಸಂಖ್ಯೆ ನೋಡಿ ಇನ್ಸುಲಿನ್ ಹಾಕಿಕೊಂಡರೆ ಜೀವಕ್ಕೇ ಅಪಾಯ.

ಕೊನೆಯದಾಗಿ ದುಡ್ಡಿನ ಮಾತು. ಒಂದು ಸೆನ್ಸರ್ 14, 15 ದಿನ ಬರುತ್ತದೆ, ಬೆಲೆ ಸಾವಿರಗಳಲ್ಲಿ. ತಿಂಗಳು ತಿಂಗಳೂ ಹಾಕಿಸಲು ಎಲ್ಲರಿಂದಲೂ ಆಗುವುದಿಲ್ಲ, ನನಗೆ ಗೊತ್ತು. ವರ್ಷಕ್ಕೆ ಒಂದೇ ಹಾಕಿಸುವವರು ಆ ಎರಡು ವಾರವನ್ನು ಯೋಚಿಸಿ ಆರಿಸಿ. ಮನೆಯಲ್ಲಿ ಮದುವೆ ಇರುವ ವಾರ ಬೇಡ, ಜ್ವರದ ವಾರ ಬೇಡ. ನೀವು ದಿನಾ ಹೇಗೆ ಇರುತ್ತೀರೋ ಹಾಗೇ ಇರಿ. ಸೆನ್ಸರ್ ಇದೆ ಅಂತ ಎರಡು ವಾರ ಅನ್ನ ಬಿಟ್ಟು ಕೂತರೆ ನನಗೆ ಸಿಗುವುದು ನಿಮ್ಮದಲ್ಲದ ಒಂದು ಗೆರೆ. ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಕುಚಲಕ್ಕಿ ಗಂಜಿ ಕುಡಿದದ್ದು ಎಷ್ಟು ಗಂಟೆಗೆ, ಮೀನುಸಾರಿನ ಜೊತೆ ಅನ್ನ ಎಷ್ಟು ಸೌಟು, ಮಾತ್ರೆ ಯಾವಾಗ, ನಡಿಗೆ ಯಾವಾಗ, ತಲೆ ತಿರುಗಿದ್ದು ಯಾವಾಗ. ದಿನದ ಶೇಕಡಾ 70ರಷ್ಟು ಹೊತ್ತು, ಅಂದರೆ ಸುಮಾರು 17 ಗಂಟೆ, ಸಕ್ಕರೆ 70ರಿಂದ 180ರ ಒಳಗೆ ಇರಬೇಕು ಅನ್ನುವುದು 2019ರಲ್ಲಿ ತಜ್ಞರು ಒಪ್ಪಿದ ಗುರಿ. ವಯಸ್ಸಾದವರಿಗೆ, ಬೇರೆ ಕಾಯಿಲೆ ಇರುವವರಿಗೆ ಅರ್ಧ ದಿನ ಇದ್ದರೆ ಸಾಕು. ಆದರೆ ಅವರ ಸಕ್ಕರೆ 70ಕ್ಕಿಂತ ಕೆಳಗೆ ಹೋಗುವುದು ದಿನಕ್ಕೆ 15 ನಿಮಿಷಕ್ಕಿಂತ ಕಡಿಮೆ ಇರಬೇಕು. ಮುಂದಿನ ಸಲ ಬರುವಾಗ ಫೋನು, ಆ ನೋಟ್‌ಬುಕ್ಕು, ನುಂಗುತ್ತಿರುವ ಎಲ್ಲ ಮಾತ್ರೆಗಳ ಹಾಳೆ, ಮೂರನ್ನೂ ತನ್ನಿ. ರಾತ್ರಿಯ ಲೋ ಇದ್ದರೆ ಮೊದಲು ಅದನ್ನು ಸರಿಮಾಡುತ್ತೇವೆ, ಊಟದ ನಂತರದ ಏರಿಕೆಗೆ ಆಮೇಲೆ ಕೈ ಹಾಕುತ್ತೇವೆ.